ನಾನು ಮ್ಯಾಚ್ ನೋಡುವುದು ಯಜಮಾನರಿಗೆ ಹಿಡಿಸುವುದಿಲ್ಲ

ಪ್ರಶ್ನೆ: ನಾನು ಹಾಸನದವಳು. 2014ರಲ್ಲಿ ಎಂ.ಎಸ್. ಮಾಡಲು ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಬಂದೆ. ಅಲ್ಲಿಯ ಬಾಸ್ಕೆಟ್‌ಬಾಲ್ ಹುಚ್ಚು ನನಗೂ ಹತ್ತಿತು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಮೇಲೂ ಪರ್ಡ್ಯೂ ತಂಡದ ಒಂದೂ ಮ್ಯಾಚ್ ಬಿಡುವುದಿಲ್ಲ. ಅಲ್ಲಿ ಸಂಜೆ ಏಳಕ್ಕೆ ಆಟ ಶುರುವಾದರೆ ಇಲ್ಲಿ ಇನ್ನೂ ನಾಲ್ಕು ಗಂಟೆ. ಆಫೀಸಿನ ಮೀಟಿಂಗ್, ಮಗಳನ್ನು ಸ್ಕೂಲಿನಿಂದ ಕರೆತರುವುದು, ಇದರ ನಡುವೆಯೇ ಫೋನಿನಲ್ಲಿ ಕದ್ದು ನೋಡುತ್ತೇನೆ. "ಎರಡು ವರ್ಷ ಇದ್ದ ಊರು, ಯಾರದೋ ಮಕ್ಕಳ ಆಟ, ನಿನಗ್ಯಾಕೆ?" ಎನ್ನುತ್ತಾರೆ ಯಜಮಾನರು. ಸೋತ ದಿನ ಮಗಳ ಮೇಲೆ ರೇಗಿದ್ದೂ ಉಂಟು. ಈ ಚಳಿಗಾಲ ಹಳೆಯ ರೂಮ್‌ಮೇಟ್ ಜೊತೆ ಹೋಗಿ ಅಲ್ಲೇ ಕೂತು ಒಂದು ಮ್ಯಾಚ್ ನೋಡುವ ಆಸೆ. ಊರಿಂದ ಬಂದಿರುವ ಅತ್ತೆಯವರು "ದುಡ್ಡು ದಂಡ" ಎನ್ನುತ್ತಾರೆ. ಇದನ್ನೆಲ್ಲ ಬಿಟ್ಟುಬಿಡಲೇ?
– ಹೆಸರು ಬೇಡ, ಸ್ಯಾನ್ ಹೋಸೆ

ಉತ್ತರ: ಬಿಡಬೇಡಿ. ಹೋಗಿ ಬನ್ನಿ.

ಜಾಗ ಸಾಲದೆ ನಿಮ್ಮ ಪತ್ರವನ್ನು ಮೇಲೆ ಚಿಕ್ಕದು ಮಾಡಿದ್ದೇನೆ. ಆದರೆ ನಾನು ಮತ್ತೆ ಮತ್ತೆ ಓದಿದ ಸಾಲುಗಳು ಬೇರೆ ಇವೆ. ಹಾಸನದಲ್ಲಿ ಏಳು ಗಂಟೆಯೊಳಗೆ ಮನೆ ಸೇರಬೇಕಿದ್ದ ಹುಡುಗಿ, ಪರ್ಡ್ಯೂದ ಬಾಸ್ಕೆಟ್‌ಬಾಲ್ ಕ್ರೀಡಾಂಗಣ ಮ್ಯಾಕಿ ಅರೀನಾದಲ್ಲಿ ಮ್ಯಾಚ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹಿಮದಲ್ಲಿ ಗೆಳತಿಯರ ಜೊತೆ ಕೂಗಾಡಿಕೊಂಡು ರೂಮಿಗೆ ನಡೆದು ಬಂದದ್ದು. ಸ್ವಂತ ಸಂಬಳದ ಟಿ.ಎ. (ಬೋಧನಾ ಸಹಾಯಕಿ) ಕೆಲಸ, ಸ್ವಂತ ಅಡುಗೆ, ಹೇಳುವವರು ಕೇಳುವವರು ಯಾರೂ ಇಲ್ಲದ ಎರಡು ವರ್ಷ. ಆಮೇಲೆ ಮದುವೆ, ವೀಸಾ, ಬಾಣಂತನ, ಮನೆ ಸಾಲ. ನೀವು ಯಾರ ಹೆಂಡತಿಯೂ ಯಾರ ತಾಯಿಯೂ ಆಗಿರದಿದ್ದ ಆ ಕಾಲದಿಂದ ಇವತ್ತಿಗೂ ನಿಮ್ಮ ಜೊತೆ ನಡೆದು ಬಂದಿರುವುದು ಈ ತಂಡವೊಂದೇ. ಆಡುವ ಹುಡುಗರು ಬದಲಾಗುತ್ತಲೇ ಇರುತ್ತಾರೆ. ಆದರೆ ನೀವಿದ್ದಾಗ ಅಂಗಳದ ಪಕ್ಕ ನಿಂತಿರುತ್ತಿದ್ದ ಕೋಚ್ ಮ್ಯಾಟ್ ಪೇಂಟರ್ ಇವತ್ತೂ ಅಲ್ಲೇ ಇದ್ದಾರೆ. ಯಾರದೋ ಮಕ್ಕಳ ಆಟ ಎನ್ನುವ ನಿಮ್ಮ ಯಜಮಾನರಿಗೆ ಇದು ಕಾಣದಿರುವುದು ಸಹಜ. ನೀವು ಅವರಿಗೆ ಸ್ಕೋರ್ ಹೇಳಿದ್ದೀರಿ, ಈ ಕಥೆ ಹೇಳಿದ ಹಾಗೆ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ಹೇಳಿ. 2023ರ ಮಾರ್ಚ್ ಬಗ್ಗೆಯೂ ಹೇಳಿ. ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಲ್ಲಿ ಒಂದನೇ ಶ್ರೇಯಾಂಕದ ಪರ್ಡ್ಯೂ, ಹದಿನಾರನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 63–58ರಲ್ಲಿ ಸೋತಿತು. ಪುರುಷರ ಟೂರ್ನಿಯಲ್ಲಿ ಅಂಥ ಸೋಲು ಅದಕ್ಕೆ ಮೊದಲು ಆಗಿದ್ದು ಒಂದೇ ಸಲ. ದೇಶವೆಲ್ಲ ನಕ್ಕಿತು. ಏಳು ಅಡಿ ನಾಲ್ಕು ಇಂಚಿನ ಜ್ಯಾಕ್ ಈಡಿ ಮರುವರ್ಷವೂ ಅದೇ ಜೆರ್ಸಿ ತೊಟ್ಟು ಬಂದ, ಅವನ ಜೊತೆ ತಂಡ 1969ರ ನಂತರ ಮೊದಲ ಬಾರಿಗೆ ಫೈನಲ್ ತಲುಪಿತು. ಕನೆಕ್ಟಿಕಟ್ ಎದುರು 75–60ಕ್ಕೆ ಸೋತರೂ ಆ ರಾತ್ರಿ ನೀವು ಅತ್ತದ್ದು ದುಃಖಕ್ಕಲ್ಲ ಎಂದು ಬರೆದಿದ್ದೀರಿ. ಯಜಮಾನರಿಗೆ ಇದು ಅರ್ಥವಾಗುತ್ತದೆ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟು ವರ್ಷ ಕಾದು ಕಪ್ ಗೆದ್ದಾಗ, ಆಫೀಸಿಗೆ ರಜೆ ಹಾಕಿ ಬೆಳಿಗ್ಗೆ ಏಳರಿಂದ ಟಿವಿ ಮುಂದೆ ಕೂತು ಅತ್ತವರು ಅವರೇ ಅಲ್ಲವೇ? ಆದರೆ ದಯವಿಟ್ಟು ಇದನ್ನು ಜಗಳದ ನಡುವೆ ಎತ್ತಬೇಡಿ. "ನಿಮಗೆ ಆರ್‌ಸಿಬಿ ಇಲ್ವಾ?" ಎಂದರೆ ಅವರು ಲೆಕ್ಕಕ್ಕೆ ಲೆಕ್ಕ ಒಪ್ಪಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸಮಾಧಾನದ ಒಂದು ರಾತ್ರಿ, ಮಗಳು ಮಲಗಿದ ಮೇಲೆ, ನೀವು ಹಿಮದಲ್ಲಿ ನಡೆದ ಆ ರಾತ್ರಿಯಿಂದ ಶುರುಮಾಡಿ.

ಎರಡು ವರ್ಷ ಮಾತ್ರ ಇದ್ದ ನನಗೆ ಆ ತಂಡದ ಮೇಲೆ ಹಕ್ಕಿದೆಯೇ ಎಂದೂ ಕೇಳಿದ್ದೀರಿ. ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋದವರೆಲ್ಲರ ಪಾಡೂ ಇದೇ. ಪರ್ಡ್ಯೂದಲ್ಲೇ ಆಡಿ ಹೆಸರು ಮಾಡಿದ ಜಾನ್ ವುಡನ್ ನಿಮ್ಮ ಕ್ಯಾಲಿಫೋರ್ನಿಯಾಕ್ಕೆ ಬಂದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಕೋಚ್ ಆಗಿ ಹತ್ತು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1969ರ ಫೈನಲ್‌ನಲ್ಲಿ ಅವರ ತಂಡ ಸೋಲಿಸಿದ್ದು ಪರ್ಡ್ಯೂವನ್ನೇ! ಹಾಗಂತ ಅವರನ್ನು ತಮ್ಮವರಲ್ಲ ಎಂದು ಪರ್ಡ್ಯೂ ಜನ ಇವತ್ತಿಗೂ ಹೇಳುವುದಿಲ್ಲ. ಫೀಸು ಕಟ್ಟಿ, ಓದಿ, ಅದೇ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿದುಕೊಂಡ ನಿಮಗೆ ಹಕ್ಕಿನ ಪ್ರಶ್ನೆಯೇ ಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ ಇಲ್ಲ. ತಂಡ ಸೋತ ಸಿಟ್ಟು ಮಗುವಿನ ಮೇಲೆ ಹೋಗಬಾರದು. ಕದ್ದು ನೋಡುವುದೂ ಇದಕ್ಕೆ ಒಂದು ಕಾರಣ ಎಂದು ನನಗನಿಸುತ್ತದೆ. ಮೈಯೆಲ್ಲ ಕಿವಿಯಾಗಿ, ಒಂದು ಕಣ್ಣು ಫೋನಿನಲ್ಲಿ, ಒಂದು ಕಣ್ಣು ಬಾಗಿಲಲ್ಲಿ ಇಟ್ಟುಕೊಂಡು ನೋಡಿದರೆ ಗೆದ್ದಾಗಲೂ ಆಯಾಸವೇ. ಸೀಸನ್‌ಗೆ ಮೂವತ್ತಕ್ಕೂ ಹೆಚ್ಚು ಮ್ಯಾಚ್. ವಾರದ ನಡುವೆ ಸಂಜೆ ನಾಲ್ಕಕ್ಕೆ ಶುರುವಾಗುವ ಆಟ ರೆಕಾರ್ಡ್ ಆಗಲಿ, ಮಗಳು ಮಲಗಿದ ಮೇಲೆ ನೋಡಿ. ಶನಿವಾರದ್ದನ್ನು ಹಾಲ್‌ನಲ್ಲಿ ಎಲ್ಲರೆದುರು, ದೊಡ್ಡ ಟಿವಿಯಲ್ಲಿ ನೋಡಿ. ದೊಡ್ಡ ಊರುಗಳಲ್ಲಿ ಹಳೆಯ ವಿದ್ಯಾರ್ಥಿಗಳು ಒಟ್ಟಿಗೆ ಸೇರಿ ಮ್ಯಾಚ್ ನೋಡುತ್ತಾರೆ, ನಿಮ್ಮ ಕಡೆಯ ಗುಂಪನ್ನು ಹುಡುಕಿ. ಮಾರ್ಚ್ ತಿಂಗಳ ಟೂರ್ನಿಗೆ ಮಾತ್ರ ಯಾವ ನಿಯಮವೂ ಬೇಡ, ಅದನ್ನು ಮನೆಯಲ್ಲಿ ಮೊದಲೇ ಹೇಳಿಟ್ಟುಬಿಡಿ.

ಇನ್ನು ಪ್ರಯಾಣ. 2024ರಿಂದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಗಳಾದ ಯುಸಿಎಲ್‌ಎ, ಯುಎಸ್‌ಸಿ ಎರಡೂ ಪರ್ಡ್ಯೂ ಆಡುವ ಬಿಗ್ ಟೆನ್ ಲೀಗ್ ಸೇರಿರುವುದರಿಂದ ಪರ್ಡ್ಯೂ ಲಾಸ್ ಏಂಜಲೀಸ್‌ಗೂ ಆಡಲು ಬರುತ್ತದೆ. ಅಂಥ ಒಂದು ಮ್ಯಾಚಿಗೆ ಯಜಮಾನರನ್ನೂ ಮಗಳನ್ನೂ ಕಾರಿನಲ್ಲಿ ಕರೆದೊಯ್ಯಿರಿ. ಮ್ಯಾಕಿಗೆ ಮಾತ್ರ ಗೆಳತಿಯ ಜೊತೆಯೇ ಹೋಗಿ, ಅದು ನಿಮ್ಮಿಬ್ಬರದು. ನೀವೂ ದುಡಿಯುವವರು, ವರ್ಷಕ್ಕೊಂದು ಸಲದ ಈ ಖರ್ಚಿಗೆ ಅತ್ತೆಯವರ ಒಪ್ಪಿಗೆ ಬೇಕಿಲ್ಲ, ಅವರ ಸಹಾಯ ಬೇಕು. "ಎರಡು ದಿನ ಮೊಮ್ಮಗಳನ್ನು ನೋಡ್ಕೋತೀರಾ ಅತ್ತೆ?" ಎಂದು ಕೇಳಿ. ಮನಸ್ಸು ಮೆದುವಾಗುವುದು ಹಾಗೆ ಕೇಳಿದಾಗಲೇ. ಶನಿವಾರದ ಮ್ಯಾಚ್ ಆರಿಸಿದರೆ ಶುಕ್ರವಾರ ಒಂದು ದಿನ ರಜೆ ಸಾಕು. ಇಂಡಿಯಾನಾಪೊಲಿಸ್‌ನಲ್ಲಿ ಇಳಿದರೆ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ಮೇಲಷ್ಟೇ ದಾರಿ. ಟಿಕೆಟ್ ಮೊದಲು ತೆಗೆದುಕೊಳ್ಳಿ, ವಿಮಾನ ಆಮೇಲೆ.