ಪುಟ್ಟ ಬೊಂಬೆಗೆ ಆಯಿಲ್ ಪೇಂಟ್ ಹಚ್ಚುವಾಗ ಚೇಲೆಯ ರೇಷ್ಮೆ ಹೊಳಪು ತರುವುದು ಹೇಗೆ?

ಕುಪ್ಯ (ಉದ್ದನೆಯ ಕೋಟು) ತೊಟ್ಟ ಕೊಡವ ಗಂಡಸಿನ ಬೊಂಬೆಯಲ್ಲಿ ಚೇಲೆ, ಅಂದರೆ ಸೊಂಟಕ್ಕೆ ಸುತ್ತುವ ರೇಷ್ಮೆ ವಸ್ತ್ರ, ಬರೀ ಕೆಂಪು ಪಟ್ಟಿಯಂತೆ ಕಾಣುತ್ತಿದೆ, ವಾರ್ನಿಷ್ ಹಚ್ಚಲೇ ಎಂದು ಕೇಳಿದ್ದೀರಿ. ಬೇಡ. ವಾರ್ನಿಷ್ ಹಚ್ಚಿದರೆ ಪ್ಲಾಸ್ಟಿಕ್ ಥರ ಮಿಂಚುತ್ತದೆ ಅಷ್ಟೆ. ಹೊಳಪನ್ನು ಬಣ್ಣದಲ್ಲೇ ಬರೆಯಬೇಕು.

ಮನೆಯಲ್ಲಿರುವ ರೇಷ್ಮೆ ಚೇಲೆಯನ್ನು ಕಿಟಕಿ ಹತ್ತಿರ ಹಿಡಿದು ನೋಡಿ. ಮಡಿಕೆಯ ಏಣಿನ (ಉಬ್ಬಿದ ಅಂಚಿನ) ಮೇಲೆ ಬೆಳಕು ತೆಳ್ಳಗಿನ ಗೆರೆಯಾಗಿ ಕೂತಿರುತ್ತದೆ. ಅದಕ್ಕೆ ಅಂಟಿಕೊಂಡೇ ಗಾಢ ಕೆಂಪು. ನಡುವಿನ ಬಣ್ಣಕ್ಕೆ ಜಾಗವೇ ಕಡಿಮೆ. ಮಡಿಕೆಯ ಒಳಗೂ ಮಸುಕಾದ ಒಂದು ಬೆಳಕಿದೆ, ಪಕ್ಕದ ಮಡಿಕೆಯಿಂದ ಬಿದ್ದದ್ದು. ಜಾಸ್ತಿ ಜನ ಬಿಡುವುದು ಇದನ್ನೇ.

ಮೊದಲು ಅಕ್ರಿಲಿಕ್ ಕೆಂಪಿನ ತಳ ಹಾಕಿ ಒಣಗಿಸಿ. ಅದರ ಮೇಲೆ ಆಯಿಲ್ ಪೇಂಟ್: ಮಡಿಕೆಯೊಳಗೆ ಅಲಿಜರಿನ್ ಕ್ರಿಮ್ಸನ್‌ಗೆ (ಗಾಢ ಕೆಂಪು) ಚೂರು ಬರ್ಂಟ್ ಅಂಬರ್ (ಕಡು ಕಂದು) ಸೇರಿಸಿ ಹಚ್ಚಿ, ಉಬ್ಬಿದ ಏಣಿಗೆ ಕ್ಯಾಡ್ಮಿಯಂ ರೆಡ್ (ಉಜ್ವಲ ಕೆಂಪು). ಒಣ ಬ್ರಷ್‌ನಿಂದ ಅಂಚನ್ನಷ್ಟೇ ಬೆರೆಸಿ. ಬೆಳಕಿಗೆ ಸುಮ್ನೆ ಬಿಳಿ ಸೇರಿಸಿದರೆ ಗುಲಾಬಿಯಾಗುತ್ತದೆ, ಕಿತ್ತಳೆ ಸೇರಿಸಿ. ಬಿಳಿಯ ಕೊನೆಯ ಗೆರೆ ಬಣ್ಣ ಒಣಗಿದ ಮೇಲೆ.

ಕುಪ್ಯ ಮಂಕಾಗಿದ್ದರೆ ಚೇಲೆ ತಾನಾಗಿ ಎದ್ದು ಕಾಣುತ್ತದೆ, ಅಲ್ವಾ? ಕುಪ್ಯದ ಬಣ್ಣವನ್ನು ಹಚ್ಚುವ ಮೊದಲು ರಟ್ಟಿನ ಮೇಲೆ ಸ್ವಲ್ಪ ಹೊತ್ತು ಇಡಿ. ರಟ್ಟು ಎಣ್ಣೆ ಹೀರಿಕೊಳ್ಳುತ್ತದೆ, ಬಣ್ಣ ಮಂಕಾಗುತ್ತದೆ. ಕುಪ್ಯದ ಬಟ್ಟೆಯ ಬೆಳಕನ್ನೂ ಅಗಲವಾಗಿ, ಮೆತ್ತಗೆ ಕೊಡಿ.

ಮಡಿಕೇರಿ ಮಳೆಗಾಲದಲ್ಲಿ ಅವಸರ ಮಾಡಬೇಡಿ. ಆಯಿಲ್ ಪೇಂಟ್ ಒಣಗುವುದು ಗಾಳಿಯ ಆಮ್ಲಜನಕದಿಂದ, ಚಳಿಯಲ್ಲಿ ಅದು ನಿಧಾನ.