ರಾತ್ರಿ ಹೊದಿಕೆಯೊಳಗೆ ಮೊಬೈಲ್: ಕಿತ್ತುಕೊಳ್ಳುವುದಾ, ಬಿಡುವುದಾ?

ಪ್ರಶ್ನೆ: ಮಗನಿಗೆ 14 ವರ್ಷ. ರಾತ್ರಿ ಮುಸುಕು ಹಾಕಿಕೊಂಡು ಮೊಬೈಲ್ ನೋಡುತ್ತಾನೆ. ಮೊನ್ನೆ ಹನ್ನೆರಡೂವರೆಗೆ ಸಿಟ್ಟು ಬಂದು ಬೈದು ಕಿತ್ತುಕೊಂಡೆ. ಅವನೂ ಕಿರುಚಾಡಿದ, ಬಾಗಿಲು ಧಡಾರ್ ಅಂತ ಹಾಕಿದ. ಎರಡು ದಿನದಿಂದ ಮಾತಿಲ್ಲ. ಇದು ಚಟವಾ? ಮೊಬೈಲ್ ಕೊಡುವುದನ್ನೇ ನಿಲ್ಲಿಸಲಾ?

ಉತ್ತರ: ನಿಲ್ಲಿಸಬೇಡಿ. ಹಾಗಂತ ಮುಸುಕಿನೊಳಗೂ ಬಿಡಬೇಡಿ.

ಮೊದಲು ಅವನ ಪರವಾಗಿ ಎರಡು ಮಾತು. ಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ದೇಹದಲ್ಲಿ ತಡವಾಗಿ ಏರುತ್ತದೆ, ಹಾಗಾಗಿ ಹತ್ತು ಗಂಟೆಗೆ ನಿದ್ದೆ ಬರಲ್ಲ ಅನ್ನುವುದು ಬರೀ ನೆಪವಲ್ಲ. ಇನ್ನೊಂದು, ಪುಸ್ತಕದಲ್ಲಾದರೆ ಅಧ್ಯಾಯ ಮುಗಿಯುತ್ತದೆ, ರೀಲ್ಸ್ ಮುಗಿಯುವುದೇ ಇಲ್ಲ. ಎಳೆದಷ್ಟೂ ಬರುವ ಈ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಮರುಗಿದ್ದಾರೆ. ದೊಡ್ಡವರಾದ ನಮಗೇ ಕೈ ನಿಲ್ಲುವುದಿಲ್ಲ, ಅಲ್ವಾ?

ಆದರೂ ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ಅದಕ್ಕೆ ನಾನು ಹೇಳುವುದು ಒಂದೇ: ದಿನಕ್ಕೆ ಎಷ್ಟು ಗಂಟೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ, ರಾತ್ರಿ ಮೊಬೈಲ್ ಎಲ್ಲಿರಬೇಕು ಅಂತ ತೀರ್ಮಾನ ಮಾಡಿ. ಮಲಗುವ ಕೋಣೆಯ ಹೊರಗೆ ಒಂದು ಕಡೆ ಚಾರ್ಜಿಗೆ ಹಾಕಿ, ಮನೆಯವರೆಲ್ಲರದ್ದೂ, ನಿಮ್ಮದೂ ಸೇರಿ. ನಿಮ್ಮದು ದಿಂಬಿನ ಪಕ್ಕ ಇದ್ದರೆ ಅವನು ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆಯನ್ನೂ ಕೊಡುವುದಿಲ್ಲ. "ಅಲಾರಂಗೆ ಬೇಕು" ಅನ್ನುತ್ತಾನೆ, ಎಲ್ಲ ಮಕ್ಕಳೂ ಅನ್ನುತ್ತಾರೆ. ಒಂದು ಅಲಾರಂ ಗಡಿಯಾರ ತಂದಿಡಿ.

ಈ ಮಾತುಕತೆ ಹಗಲು ಹೊತ್ತಲ್ಲೇ ಆಗಲಿ. ಹನ್ನೆರಡೂವರೆಗೆ ಇಬ್ಬರಿಗೂ ತಲೆ ಕೆಟ್ಟಿರುತ್ತದೆ. ಗೇಮ್ ಆಡುವ ಹುಡುಗನಾದರೆ ಇದೂ ಗೊತ್ತಿರಲಿ: ಎಷ್ಟೋ ಆನ್‌ಲೈನ್ ಆಟಗಳನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ, ಬಿಟ್ಟು ಬಂದರೆ ಜೊತೆಗಾರರ ಕೈಲಿ ಬೈಸಿಕೊಳ್ಳಬೇಕು. "ಈಗಲೇ ಇಡು" ಅನ್ನುವ ಬದಲು ಹೊಸ ಮ್ಯಾಚ್ ಶುರುವಾಗುವ ಮೊದಲೇ "ಇದೇ ಕೊನೇದು" ಅನ್ನಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಲಾಕ್ ಹಾಕುವ ಆ್ಯಪ್‌ಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಪಾಸ್‌ವರ್ಡ್ ಕಂಡುಹಿಡಿಯುವುದೇ ಇನ್ನೊಂದು ಆಟ ಆಗಿಬಿಡುತ್ತದೆ.

ಚಟವಾ ಅಂತ ಕೇಳಿದ್ದೀರಿ. ಒಂದು ರಾತ್ರಿಯ ರಂಪ ನೋಡಿ ಆ ಪದ ಬಳಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನು ಕಾಯಿಲೆ ಅಂತ ಪಟ್ಟಿ ಮಾಡಿರುವುದು ನಿಜ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಓದು, ಗೆಳೆಯರು, ಮನೆ ಎಲ್ಲ ಹಿಂದೆ ಬಿದ್ದು, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಬಿಡಲಾಗದೆ, ಸಾಮಾನ್ಯವಾಗಿ 12 ತಿಂಗಳು ಹಾಗೇ ನಡೆದಿದ್ದರೆ ಮಾತ್ರ ಹಾಗನ್ನುತ್ತಾರೆ. ಅಷ್ಟು ದಿನ ಕಾದು ನೋಡಿ ಅಂತ ಅಲ್ಲ. ಶಾಲೆಗೆ ಹೋಗಲ್ಲ ಅಂತ ಶುರುವಾದರೆ ಆಗಲೇ ಮಕ್ಕಳ ಮನೋವೈದ್ಯರನ್ನು ಕಾಣಿ.

ನನಗೆ ಜಾಸ್ತಿ ಚಿಂತೆ ಇನ್ನೊಂದರ ಬಗ್ಗೆ. ಮೆಸೇಜ್ ಬಂದ ಸದ್ದಿಗೆ ಅವನ ಮುಖ ಬಾಡುತ್ತದಾ? ನೀವು ಹತ್ತಿರ ಬಂದರೆ ಸ್ಕ್ರೀನ್ ಮಗುಚಿ ಇಡುತ್ತಾನಾ? ಗುಟ್ಟು ಇರಬಹುದು, ಆ ವಯಸ್ಸಿಗೆ ಸಹಜ. ಯಾರಾದರೂ ಹೆದರಿಸುತ್ತಿರಲೂಬಹುದು. ಅದನ್ನು ಕೇಳಬೇಕಾದರೆ ಮೊದಲು ಮಾತು ಶುರುವಾಗಬೇಕು. ಇವತ್ತು ಅವನ ಪಕ್ಕ ಸುಮ್ನೆ ಹೋಗಿ ಕೂತು, "ಮೊನ್ನೆ ನಾನೂ ಕೂಗಾಡಬಾರದಿತ್ತು" ಅಂತ ನೀವೇ ಮೊದಲು ಹೇಳಿ.