ಕೋಲಾರದ ಕಡೆ ಮಗುವಿನ ಫಿಟ್ಸ್ ಔಷಧಿಗೆ ಹಣ ಕೊಡುವ ಟ್ರಸ್ಟ್ ಯಾವುದಾದರೂ ಇದೆಯಾ?

ನಿಮ್ಮ ಮಗನಿಗೆ ಐದು ವರ್ಷ, ನನ್ನ ಮಗಳಿಗೆ ಆಗ ಆರು. ಅದೊಂದು ಬಿಟ್ಟರೆ, ತಿಂಗಳ ಫಿಟ್ಸ್ ಸಿರಪ್‌ಗೆ ಹಣ ಹೊಂದಿಸೋಕಾಗುತ್ತಿಲ್ಲ ಅಂತ ನೀವು ಬರೆದಿರುವುದೆಲ್ಲ ನಮ್ಮ ಮನೆಯ ಕಥೆಯೇ.

ನಮ್ಮದು ಶ್ರೀನಿವಾಸಪುರ ತಾಲ್ಲೂಕು, ಟೊಮೆಟೊ ಬೆಳೆಯುತ್ತೇವೆ. ಮಗಳಿಗೆ ಎರಡು ಬಗೆಯ ಸಿರಪ್, ತಿಂಗಳಿಗೆ 1,800 ರೂಪಾಯಿ. ಸಂಬಳದವರಿಗೆ ಇದು ಅಷ್ಟೇನಾ ಅನ್ನಿಸಬಹುದು. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ ನೂರಕ್ಕೆ ಇಳಿದ ವಾರ ಲೆಕ್ಕ ಹಾಕಿ. 18 ಬಾಕ್ಸ್. ಕೀಳುವ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಬೇರೆ.

ಈಗ ನಾನು ಮಾಡಿದ ದಡ್ಡತನ ಹೇಳುತ್ತೇನೆ. ಮೊದಲ ತಿಂಗಳೇ ಮೆಡಿಕಲ್ ಶಾಪಿನವನು ಕೇಳಿದ, "ಅಣ್ಣ, ಬಿಲ್ ಬೇಡ ಅಂದ್ರೆ ಹತ್ತು ಪರ್ಸೆಂಟ್ ಕಮ್ಮಿ ಮಾಡ್ತೀನಿ." ತಿಂಗಳಿಗೆ 180 ಉಳಿಯುತ್ತೆ ಅಲ್ವಾ, ಹೂಂ ಅಂದೆ. ಒಂದು ಸಣ್ಣ ಚೀಟಿಯಲ್ಲಿ ಪೆನ್ನಿನಿಂದ 1,620 ಅಂತ ಬರೆದು ಕೊಡುತ್ತಿದ್ದ. ಮಗುವಿನ ಹೆಸರಿಲ್ಲ, ಡಾಕ್ಟರ್ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ಅಂಗಡಿಯ ಲೈಸೆನ್ಸ್ ನಂಬರೂ ಇಲ್ಲ. 16 ತಿಂಗಳು ಹೀಗೇ ನಡೆಯಿತು. ನಾನು ಉಳಿಸಿದ್ದು 2,880. ಕೊಟ್ಟಿದ್ದು 25,920, ಅದಕ್ಕೆ ಒಂದು ಪುರಾವೆಯೂ ಇಲ್ಲ.

ಇದು ಗೊತ್ತಾಗಿದ್ದು ಒಂದು ರಾತ್ರಿ ಫಿಟ್ಸ್ ನಿಲ್ಲದೆ ಮಗಳನ್ನು ನಾಲ್ಕು ದಿನ ಅಡ್ಮಿಟ್ ಮಾಡಿದ ಮೇಲೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕೋಣ ಅಂತ ಕಾಗದ ಜೋಡಿಸಿಕೊಂಡು ಹೋದೆ. ಅರ್ಜಿ ಬರೆದುಕೊಡುವವರು ನನ್ನ 16 ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಒಂದರ ಹಿಂದೆ ನನ್ನ ಹೆಂಡತಿ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆದಿದ್ದಳು. "ಇದ್ರಲ್ಲಿ ಬಿಲ್ ಯಾವುದು ಸ್ವಾಮಿ?" ಅಂದರು. ಆಸ್ಪತ್ರೆಯ ಒರಿಜಿನಲ್ ಬಿಲ್ ಮಾತ್ರ ಇಟ್ಟುಕೊಂಡರು. ಬಿಲ್ ಇದ್ದಿದ್ದರೆ ಅಷ್ಟೂ ಕೊಡುತ್ತಿದ್ದರು ಅಂತಲ್ಲ. ಆದರೆ ಕೇಳುವುದಕ್ಕೇ ಬಾಯಿಲ್ಲದ ಹಾಗೆ ಮಾಡಿಕೊಂಡಿದ್ದು ನಾನೇ.

ಇನ್ನು ನಿಮ್ಮ ಪ್ರಶ್ನೆಗೆ. ಟ್ರಸ್ಟ್ ಹುಡುಕುವುದನ್ನು ಬಿಡಿ. ಕೊಟ್ಟರೆ ಒಂದು ಸಲ ಕೊಡುತ್ತಾರೆ, ಫಿಟ್ಸ್ ಔಷಧಿ ವರ್ಷಗಟ್ಟಲೆ ಬೇಕು. ಹಣ ಯಾರು ಕೊಡುತ್ತಾರೆ ಅಂತ ಕೇಳುವ ಬದಲು ಇಷ್ಟು ಹಣ ಯಾಕೆ ಆಗುತ್ತಿದೆ ಅಂತ ಕೇಳಿ. ಆಯುಷ್ಮಾನ್ ಕಾರ್ಡನ್ನೂ ಇದಕ್ಕೆ ನಂಬಬೇಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಇರುವುದು ಆಸ್ಪತ್ರೆಯ ಚಿಕಿತ್ಸೆಗೆ. ತಿಂಗಳ ಸಿರಪ್‌ಗೆ ಮೆಡಿಕಲ್ ಶಾಪಿನಲ್ಲಿ ಅದು ನಡೆಯಲ್ಲ.

ನೀವು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಅಲ್ಲಿ ಮೆದುಳಿನ ಕಾಯಿಲೆಗಳಿಗೆ ಕ್ಲಿನಿಕ್ ಶುರು ಮಾಡಿತು. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲೂ ಮಾಡಿದರು. ಕೋಲಾರದ ಕ್ಲಿನಿಕ್ಕಿನ ಡಾಕ್ಟರ್ ನನ್ನ ಮಗಳನ್ನು ನೋಡಿ ಕೇಳಿದ ಮೊದಲ ಮಾತು, "ಮಾತ್ರೆ ನುಂಗ್ತಾಳಾ?" ಸಿರಪ್ ದುಬಾರಿ, ಅದೇ ಔಷಧಿ ಮಾತ್ರೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ ಅಂದರು. ಇಷ್ಟು ದಿನ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ನಮ್ಮಮ್ಮ ಅಭ್ಯಾಸ ಮಾಡಿಸಿದರು. ರಾಗಿ ಮುದ್ದೆಯ ತುತ್ತಿಗೆ ಮಾತ್ರೆ ಸೇರಿಸಿ ಸಾರಲ್ಲಿ ಅದ್ದಿ ಕೊಟ್ಟರು. ಮುದ್ದೆ ಅಗಿಯುವವರು ನಮ್ಮ ಕಡೆ ಯಾರಿದ್ದಾರೆ, ನುಂಗಿಬಿಟ್ಟಳು.

ಈಗ ಒಂದು ಮಾತ್ರೆ ಆಸ್ಪತ್ರೆಯಲ್ಲೇ ಸಿಗುತ್ತೆ, ಇನ್ನೊಂದನ್ನು ಜನೌಷಧಿ ಅಂಗಡಿಯಲ್ಲಿ ತರುತ್ತೇನೆ. ತಿಂಗಳಿಗೆ 400 ದಾಟಲ್ಲ. ಆದರೆ ಔಷಧಿಯ ಕಂಪನಿ ಬದಲಾಯಿಸುವುದನ್ನು ಡಾಕ್ಟರಿಗೆ ಹೇಳದೆ ಮಾಡಬೇಡಿ. ದುಡ್ಡಿಲ್ಲ ಅಂತ ಡೋಸ್ ಕಮ್ಮಿ ಮಾಡುವುದು, ಒಂದು ವಾರ ನಿಲ್ಲಿಸುವುದು ಅಂತೂ ಬೇಡವೇ ಬೇಡ. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ವಾಪಸ್ ಬರುತ್ತೆ.

ಅಂಗನವಾಡಿಗೆ, ಶಾಲೆಗೆ ಮಕ್ಕಳನ್ನು ಪರೀಕ್ಷೆ ಮಾಡೋಕೆ ಬರುತ್ತಾರಲ್ಲ, ಆರ್‌ಬಿಎಸ್‌ಕೆ ತಂಡ, ಅವರ ಪಟ್ಟಿಯಲ್ಲೂ ಫಿಟ್ಸ್ ಇದೆ. ಅವರಿಂದ ಜಿಲ್ಲಾ ಆಸ್ಪತ್ರೆಗೆ ರೆಫರಲ್ ಚೀಟಿ ಬರೆಸಿಕೊಳ್ಳಿ.

ಹೋಗುವಾಗ ಇಇಜಿ (ತಲೆಗೆ ವೈರ್ ಹಚ್ಚಿ ಮಾಡುವ ಮೆದುಳಿನ ಪರೀಕ್ಷೆ) ರಿಪೋರ್ಟ್, ಡಾಕ್ಟರ್ ಬರೆದುಕೊಟ್ಟ ಹಳೆಯ ಚೀಟಿಗಳು, ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳಿ. ಸಿರಪ್‌ನ ಖಾಲಿ ಬಾಟಲಿಯನ್ನೂ ಒಯ್ಯಿರಿ, ಅದರ ಮೇಲೆ ಔಷಧಿಯ ಅಸಲಿ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತೆ. ಈ ತಿಂಗಳು ಸಿರಪ್ ಕೊಂಡಾಯ್ತಾ? ಹಾಗಿದ್ದರೆ ಇವತ್ತೇ ಅಂಗಡಿಗೆ ಹೋಗಿ ಮಗನ ಹೆಸರಲ್ಲಿ ಪಕ್ಕಾ ಬಿಲ್ ಹಾಕಿಸಿಕೊಂಡು ಬನ್ನಿ.